ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರು (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ಅರಸರು, ವಿದ್ವಾಂಸರು ಮತ್ತು ಕಲಾಪೋಷಕರು. ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಇವರು 1831ರಲ್ಲಿ ಆಡಳಿತಾಧಿಕಾರವನ್ನು ಕಳೆದುಕೊಂಡರು. ಅದನ್ನು ಮರಳಿ ಪಡೆಯಲು ಜೀವಮಾನವಿಡೀ ಪ್ರಯತ್ನಿಸಿದರೂ ಅದು ಇವರಿಗೆ ದೊರೆಯಲಿಲ್ಲ. ಆದರೆ 1865ರಲ್ಲಿ ಇವರು ಮಾಡಿಕೊಂಡ ದತ್ತು ಸ್ವೀಕಾರವು ಬ್ರಿಟಿಷ್ ಸರ್ಕಾರದ ಮನ್ನಣೆ ಪಡೆದು, ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾದಲ್ಲಿ ವಿಲೀನವಾಗುವುದನ್ನು ತಪ್ಪಿಸಿತು. ತಂದೆಯ ಜನ್ಮಸ್ಥಳವಾದ ಅರಿಕುಠಾರಕ್ಕೆ ಚಾಮರಾಜನಗರ ಎಂಬ ಹೆಸರನ್ನು ಇಟ್ಟವರೂ ಇವರೇ.

ಹಿನ್ನೆಲೆ

ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಜನ್ಮತಃ ಮೈಸೂರು ಅರಮನೆಯವರಲ್ಲ. ಅವರು 1774ರಲ್ಲಿ ಅರಿಕುಠಾರದ ದೇವರಾಜ ಅರಸರ ಮಗನಾಗಿ ಜನಿಸಿದರು. 1776ರಲ್ಲಿ ಮೈಸೂರಿನ ಅರಸರು ಸಂತಾನವಿಲ್ಲದೆ ತೀರಿಕೊಂಡಾಗ, ರಾಜ್ಯದ ನಿಜವಾದ ಅಧಿಕಾರವನ್ನು ಹೊಂದಿದ್ದ ಹೈದರ್ ಅಲಿಯು ರಾಜಬಂಧುಗಳ ಮಕ್ಕಳನ್ನು ಒಂದೆಡೆ ಸೇರಿಸಿ ಅವರ ಮುಂದೆ ಆಟಿಕೆ, ಹಣ್ಣು, ಆಯುಧ ಮೊದಲಾದವುಗಳನ್ನು ಇರಿಸಿದನೆಂದೂ, ಕಠಾರಿಯನ್ನು ಕೈಗೆತ್ತಿಕೊಂಡ ಬಾಲಕನನ್ನು ರಾಜನಾಗಿ ಆರಿಸಿದನೆಂದೂ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾರೆ. ಹೀಗೆ ಆಯ್ಕೆಯಾದ ಬಾಲಕನನ್ನು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ದತ್ತು ಪಡೆದರು.

ಖಾಸಾ ಚಾಮರಾಜ ಒಡೆಯರು 1796ರಲ್ಲಿ ಸಿಡುಬಿನಿಂದ ತೀರಿಕೊಂಡರು. ಆ ಬಳಿಕ ಟಿಪ್ಪು ಸುಲ್ತಾನನು ಹೊಸ ಅರಸನನ್ನು ನೇಮಿಸಲಿಲ್ಲ. ರಾಜಕುಟುಂಬವು ಶ್ರೀರಂಗಪಟ್ಟಣದಲ್ಲಿ ಕಾವಲಿನಲ್ಲಿ ದಿನ ಕಳೆಯಬೇಕಾಯಿತು.

ಜನನ ಮತ್ತು ಬಾಲ್ಯ

ಕೃಷ್ಣರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಾಯಿ ಕೆಂಪನಂಜಮ್ಮಣ್ಣಿ. ತಂದೆ ತೀರಿಕೊಂಡಾಗ ಇವರಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮಗುವಿನ ಪಾಲನೆಯ ಹೊಣೆಯನ್ನು ಲಕ್ಷ್ಮಮ್ಮಣ್ಣಿಯವರು ವಹಿಸಿಕೊಂಡರು. ರಕ್ತಸಂಬಂಧದಿಂದಲ್ಲದೆ ದತ್ತಿನ ಸಂಬಂಧದಿಂದ ಅಜ್ಜಿಯಾದ ಅವರು ಈ ಮಗುವಿನ ಹಕ್ಕಿಗಾಗಿ ನಡೆಸಿದ ಹೋರಾಟವು ಮೈಸೂರಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಪ್ರಧಾನ ತಿರುಮಲರಾಯರ ಮೂಲಕ ಅವರು ಬಹಳ ಹಿಂದಿನಿಂದಲೇ ಮದರಾಸಿನ ಇಂಗ್ಲಿಷ್ ಅಧಿಕಾರಿಗಳೊಡನೆ ಗುಪ್ತವಾಗಿ ಮಾತುಕತೆ ನಡೆಸುತ್ತಿದ್ದರು.

1799ರ ಮೇ 4ರಂದು ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಅದೇ ವರ್ಷ ಜೂನ್ 30ರಂದು ಮೈಸೂರಿನಲ್ಲಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ನಡೆಯಿತು. ಆಗ ಅವರಿಗೆ ಐದು ವರ್ಷ ತುಂಬಲು ಎರಡು ವಾರ ಬಾಕಿ ಇತ್ತು. ಜುಲೈ 8ರ ಒಪ್ಪಂದಕ್ಕೆ ಬಾಲರಾಜರ ಪರವಾಗಿ ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿಯವರು ಸಮ್ಮತಿ ನೀಡಿದರು. ಇದರಂತೆ ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ (24.5 ಲಕ್ಷ ರೂಪಾಯಿ) ಪೊಗದಿಯನ್ನು ಸಲ್ಲಿಸಬೇಕಾಯಿತು.

ರಾಜರು ಪ್ರಾಪ್ತವಯಸ್ಕರಾಗುವವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು. ಅರಮನೆಯೊಳಗಿನ ಪೋಷಣೆ ಮತ್ತು ಶಿಕ್ಷಣವು ಲಕ್ಷ್ಮಮ್ಮಣ್ಣಿಯವರ ಮೇಲ್ವಿಚಾರಣೆಯಲ್ಲಿತ್ತು. ಕೃಷ್ಣರಾಜರು ಕನ್ನಡ, ಸಂಸ್ಕೃತ, ಮರಾಠಿ, ಪಾರಸಿ ಮೊದಲಾದ ಭಾಷೆಗಳನ್ನು ಕಲಿತರು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ನಿಧನರಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾಗಿ ಮರುವರ್ಷ ತೀರಿಕೊಂಡರು. ಹೀಗೆ ಹದಿನೇಳರ ಹರೆಯದಲ್ಲಿ ರಾಜ್ಯದ ಪೂರ್ಣ ಹೊಣೆ ರಾಜರ ಮೇಲೆ ಬಿದ್ದಾಗ, ಅವರನ್ನು ಬೆಳೆಸಿದ ಇಬ್ಬರೂ ಜೊತೆಗಿರಲಿಲ್ಲ.

ಆಳ್ವಿಕೆ ಮತ್ತು ಅಧಿಕಾರಚ್ಯುತಿ

ನೇರ ಆಳ್ವಿಕೆಯ ಅವಧಿಯಲ್ಲಿ ಕಂಪನಿಯ ಪೊಗದಿಯ ಭಾರ, ಧಾನ್ಯದ ಬೆಲೆಯ ಕುಸಿತ, ಕಂದಾಯ ವಸೂಲಿಯ ಗುತ್ತಿಗೆ ಪದ್ಧತಿ ಹಾಗೂ ಅರಮನೆಯ ವೆಚ್ಚಗಳಿಂದ ಖಜಾನೆ ಬರಿದಾಗುತ್ತಾ ಬಂದಿತು. 1830–31ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಇದನ್ನು ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ರಾಜರಿಗೆ ವರ್ಷಕ್ಕೆ 1 ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೆಯ ಒಂದು ಭಾಗವನ್ನು ನಿಗದಿಪಡಿಸಲಾಯಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು 1833ರಲ್ಲಿ ಸಲ್ಲಿಸಿದ ವರದಿಯು ರಾಜರ ಮೇಲಿನ ಆರೋಪಗಳಲ್ಲಿ ಉತ್ಪ್ರೇಕ್ಷೆಯಿತ್ತೆಂಬುದನ್ನು ತೋರಿಸಿತಾದರೂ ಅಧಿಕಾರ ಮರಳಲಿಲ್ಲ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಅನಂತರ ಲೂಯಿ ಬೌರಿಂಗ್ ಕಮೀಷನರರಾಗಿ ಆಡಳಿತ ನಡೆಸಿದರು.

ದತ್ತು ಸ್ವೀಕಾರದ ಹೋರಾಟ

ರಾಜರಿಗೆ ಉತ್ತರಾಧಿಕಾರಿಯಾಗುವ ಪುತ್ರನಿರಲಿಲ್ಲ. ಹಿಂದೂ ಧರ್ಮಶಾಸ್ತ್ರದ ಪ್ರಕಾರ ವಿಧಿಪೂರ್ವಕವಾಗಿ ದತ್ತು ಪಡೆದ ಮಗನಿಗೆ ಔರಸ ಪುತ್ರನಂತೆಯೇ ಮನೆತನದ ಹಕ್ಕು ಸಲ್ಲುತ್ತದೆ. ಆದರೆ ಡಾಲ್‌ಹೌಸಿಯ ಕಾಲದಲ್ಲಿ ಕಂಪನಿಯು, ದತ್ತುಪುತ್ರನು ಅರಸನ ಖಾಸಗಿ ಆಸ್ತಿಗೆ ವಾರಸುದಾರನಾಗಬಹುದೇ ಹೊರತು ಸಾರ್ವಭೌಮ ಕಂಪನಿಯ ಒಪ್ಪಿಗೆಯಿಲ್ಲದೆ ರಾಜ್ಯಕ್ಕಲ್ಲ ಎಂಬ ನಿಲುವನ್ನು ತಳೆದಿತ್ತು. ಸಾತಾರಾ, ಝಾನ್ಸಿ, ನಾಗಪುರಗಳು ಈ ನೀತಿಗೆ ಬಲಿಯಾದವು. 1857ರ ಬಂಡಾಯದ ನಂತರ ಗವರ್ನರ್ ಜನರಲ್ ಕ್ಯಾನಿಂಗ್ ಅನೇಕ ಸಂಸ್ಥಾನಗಳಿಗೆ ದತ್ತು ಸ್ವೀಕಾರದ ಸನದುಗಳನ್ನು ನೀಡಿದನು. ಮೈಸೂರಿಗೆ ಅದು ದೊರೆಯಲಿಲ್ಲ.

ಈ ಸ್ಥಿತಿಯಲ್ಲಿ, 1865ರ ಜೂನ್ 18ರಂದು, ಎಪ್ಪತ್ತು ವರ್ಷದ ಕೃಷ್ಣರಾಜರು ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜ ಅರಸರ ಮೂರನೆಯ ಮಗನೂ ತಮ್ಮ ಮೊಮ್ಮಗನೂ ಆದ ಚಾಮರಾಜೇಂದ್ರನನ್ನು ದತ್ತು ಪಡೆದರು. ಮಗುವಿಗೆ ಆಗ ಎರಡು ವರ್ಷ. ವೈಸರಾಯ್ ಜಾನ್ ಲಾರೆನ್ಸ್ ಈ ದತ್ತನ್ನು ಖಾಸಗಿ ಆಸ್ತಿಯ ಮಟ್ಟಿಗೆ ಮಾತ್ರ ಒಪ್ಪಿ, ರಾಜ್ಯದ ಉತ್ತರಾಧಿಕಾರಕ್ಕೆ ಮನ್ನಣೆ ನೀಡಲು ನಿರಾಕರಿಸಿದನು. ರಾಜರು ತಮ್ಮ ವಾದವನ್ನು ಲಂಡನ್ನಿಗೆ ಕೊಂಡೊಯ್ದರು. ಅವರ ವೈದ್ಯರಾಗಿದ್ದ ಡಾ. ಕ್ಯಾಂಪ್‌ಬೆಲ್ ಅಲ್ಲಿ ಪ್ರತಿನಿಧಿಯಾಗಿ ಶ್ರಮಿಸಿದರು. ಮೇಜರ್ ಇವಾನ್ಸ್ ಬೆಲ್ ಮೈಸೂರಿನ ಪರವಾಗಿ ಪುಸ್ತಕ ಬರೆದರು. ಬ್ರಿಟಿಷ್ ಪಾರ್ಲಿಮೆಂಟಿನ ಕೆಲವು ಸದಸ್ಯರೂ ಬೆಂಬಲಿಸಿದರು.

1867ರ ಏಪ್ರಿಲಿನಲ್ಲಿ ಭಾರತ ವ್ಯವಹಾರಗಳ ಮಂತ್ರಿ ಸ್ಟಾಫರ್ಡ್ ನಾರ್ಥ್‌ಕೋಟ್ ಹಿಂದಿನ ನಿರ್ಧಾರವನ್ನು ಬದಲಿಸಿದನು. ರಾಜ್ಯವು ಒಡೆಯರ ಮನೆತನದಲ್ಲೇ ಉಳಿಯಬೇಕು, ದತ್ತುಪುತ್ರನಿಗೆ ಅವನ ಸ್ಥಾನಕ್ಕೆ ತಕ್ಕ ಶಿಕ್ಷಣ ನೀಡಬೇಕು, ಪ್ರಾಪ್ತವಯಸ್ಕನಾದಾಗ ಅರ್ಹನೆಂದು ಕಂಡುಬಂದರೆ ಆಡಳಿತವನ್ನು ವಹಿಸಬೇಕು ಎಂಬುದು ಈ ತೀರ್ಮಾನದ ಸಾರ. ಹೀಗೆ ಸಂಸ್ಥಾನದ ಭವಿಷ್ಯವು ಒಂದು ಮಗುವಿನ ಪಾಲನೆ ಮತ್ತು ವಿದ್ಯಾಭ್ಯಾಸವನ್ನು ಅವಲಂಬಿಸಿತು.

ಚಾಮರಾಜನಗರದೊಂದಿಗಿನ ನಂಟು

1818ರಲ್ಲಿ ಕೃಷ್ಣರಾಜರು ಅರಿಕುಠಾರಕ್ಕೆ ತಂದೆಯ ನೆನಪಿನಲ್ಲಿ ಚಾಮರಾಜನಗರ ಎಂದು ಮರುನಾಮಕರಣ ಮಾಡಿದರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇಲ್ಲಿನ ಲಿಂಗಕ್ಕೆ ತಂದೆಯ ಹೆಸರೂ, ಕೆಂಪನಂಜಾಂಬ ಎಂಬ ಅಮ್ಮನವರ ಹೆಸರಿನಲ್ಲಿ ತಾಯಿಯ ಹೆಸರೂ ಉಳಿದುಕೊಂಡಿವೆ. ತಂದೆ ಹುಟ್ಟಿದ ಸ್ಥಳದಲ್ಲಿ ನಿರ್ಮಿಸಿದ ಜನನ ಮಂಟಪವೂ ಊರಿನಲ್ಲಿದೆ. ಎರಡು ವರ್ಷದ ಎಳೆವಯಸ್ಸಿನಲ್ಲಿ ಬೇರೆ ಮನೆಗೆ ದತ್ತು ಹೋದ ಮಗುವಿನ ಮೂಲ ಊರನ್ನು ಮರೆಮಾಚದೆ ಗೌರವಿಸಿದ ಸ್ಮಾರಕಗಳಿವು. 1997ರಲ್ಲಿ ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳನ್ನೂ ಒಳಗೊಂಡು ರಚನೆಯಾದ ಜಿಲ್ಲೆಗೆ ಈ ಊರಿನ ಹೆಸರೇ ಬಂದಿದೆ.

ವಿದ್ಯೆ ಮತ್ತು ಸಾಹಿತ್ಯ ಪೋಷಣೆ

ಆಡಳಿತವಿಲ್ಲದ ವರ್ಷಗಳಲ್ಲಿ ಕೃಷ್ಣರಾಜರ ಆಸ್ಥಾನವು ವಿದ್ವಾಂಸರ ಆಶ್ರಯತಾಣವಾಯಿತು. ಶ್ರೀತತ್ತ್ವನಿಧಿ, ಸೌಗಂಧಿಕಾ ಪರಿಣಯ ಮೊದಲಾದ ಗ್ರಂಥಗಳು ಇವರ ಹೆಸರಿನಲ್ಲಿವೆ. ಮುದ್ರಾಮಂಜೂಷವನ್ನು ಬರೆದ ಕೆಂಪುನಾರಾಯಣ, ಅಳಿಯ ಲಿಂಗರಾಜರು ಇವರ ಆಸ್ಥಾನಕ್ಕೆ ಸೇರಿದವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಸವಪ್ಪ ಶಾಸ್ತ್ರಿಗಳು ಅರಮನೆಯ ಆಶ್ರಯದಲ್ಲಿ ಬೆಳೆದು, ಮುಂದೆ ಅಭಿನವ ಕಾಳಿದಾಸರೆಂದು ಹೆಸರಾದರು. 1833ರಲ್ಲಿ ರಾಜರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ಆರಂಭಿಸಿದರು. ಅದೇ ಕ್ರಮೇಣ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಚದುರಂಗ ಮತ್ತು ಇತರ ಮಣೆಯಾಟಗಳಲ್ಲಿ ಇವರಿಗಿದ್ದ ಪರಿಣತಿಯೂ ಪ್ರಸಿದ್ಧ. 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು.

ನಿಧನ ಮತ್ತು ನಂತರ

ಕೃಷ್ಣರಾಜ ಒಡೆಯರು 1868ರ ಮಾರ್ಚ್ 27ರಂದು ಮೈಸೂರಿನಲ್ಲಿ ನಿಧನರಾದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. 1869ರಲ್ಲಿ ಕರ್ನಲ್ ಮ್ಯಾಲೆಸನ್ ಬಾಲರಾಜರ ಪಾಲಕರಾಗಿ ನೇಮಕಗೊಂಡರು. ಬಾಲರಾಜರಿಗೆ ಒಂಟಿಯಾಗಿ ಪಾಠ ಹೇಳಿಸುವ ಬದಲು, ಸಮವಯಸ್ಕ ಬಾಲಕರೊಡನೆ ಕಲಿಯಲು ರಾಜಶಾಲೆಯನ್ನು ತೆರೆಯಲಾಯಿತು. 1881ರ ಮಾರ್ಚ್ 25ರಂದು ಬ್ರಿಟಿಷ್ ಸರ್ಕಾರವು ಐವತ್ತು ವರ್ಷಗಳ ನಂತರ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಯಿತು.

ಒಡೆಯರ ಮನೆತನದಲ್ಲಿ ಮತ್ತೆ ಮತ್ತೆ ದತ್ತು ನಡೆದುದಕ್ಕೆ ತಲಕಾಡಿನ ಅಲಮೇಲಮ್ಮನ ಶಾಪವೇ ಕಾರಣವೆಂಬ ಐತಿಹ್ಯ ಜನಜನಿತವಾಗಿದೆ. ಐತಿಹಾಸಿಕವಾಗಿ ನೋಡಿದರೆ, ಸಂತಾನವಿಲ್ಲದಾಗ ಬಂಧುವರ್ಗದ ಮಗುವನ್ನು ಆರಿಸಿ, ಬೆಳೆಸಿ, ವಿದ್ಯೆ ಕೊಡಿಸಿ ಹೊಣೆ ಒಪ್ಪಿಸುವುದು ಈ ಮನೆತನ ಉಳಿದುಬಂದ ಬಗೆಯಾಗಿದೆ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರನ್ನು ದತ್ತು ಪಡೆದುದು ಇದೇ ಪರಂಪರೆಯ ಮುಂದುವರಿಕೆಯಾಗಿದೆ.