ಹಸಿ ಗೋಡೆಯ ಮೇಲೆ ಬ್ರದರ್ ಮೊಸ್ಕೆನಿ

ಮಕ್ಕಳೇ, ದೂರದ ಊರುಗಳಲ್ಲಿ ಓದುವ ನಿಮ್ಮಲ್ಲಿ ಹೆಚ್ಚಿನವರಿಗೆ ದೊಡ್ಡ ರಜೆ ಸಿಗುವುದು ಜೂನ್-ಜುಲೈಯಲ್ಲಿ. ನೀವು ಮಂಗಳೂರಿನ ಅಜ್ಜಿಮನೆ ಮುಟ್ಟುವ ಹೊತ್ತಿಗೆ ಅಲ್ಲಿ ಮಳೆ ಧೋ ಎಂದು ಸುರಿಯುತ್ತಿರುತ್ತದೆ. ಪಣಂಬೂರಿಗೆ ಹೋಗೋಣ ಎಂದರೆ ಅಜ್ಜ, "ಕಡಲು ಎದ್ದಿದೆ, ಸುಮ್ಮನೆ ಕೂತ್ಕೊಳ್ಳಿ" ಅನ್ನುತ್ತಾರೆ. ಅಂಥದೊಂದು ಮಧ್ಯಾಹ್ನ ತಂಗಿಯ ಮಗಳನ್ನು ಒಂದೇ ಕೊಡೆಯಡಿ ಎಳೆದುಕೊಂಡು ಬಾವುಟಗುಡ್ಡೆ ಹತ್ತಿದೆ. ಅವಳಿಗೆ ಹತ್ತು ವರ್ಷ. "ಇನ್ನೊಂದು ದೇವಸ್ಥಾನವಾ ದೊಡ್ಡಮ್ಮ?" ಎಂದು ಮುಖ ಸಣ್ಣ ಮಾಡಿದಳು. "ದೇವಸ್ಥಾನ ಅಲ್ಲ, ಇಗರ್ಜಿ. ಒಳಗೆ ಹೋದ ಮೇಲೆ ಕತ್ತು ನೋಯುವವರೆಗೆ ಮೇಲೆ ನೋಡಬೇಕು" ಎಂದೆ.

ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುವ ಹೆಸರೂ ಉಂಟು. ಪೋರ್ಚುಗೀಸರ 'ಇಗ್ರೇಜ' ನಮ್ಮವರ ಬಾಯಲ್ಲಿ ಹೀಗಾಯಿತು. ಚಾವಿ, ಪಾದ್ರಿ, ಬಟಾಟೆ ಕೂಡ ಅದೇ ಹಡಗಿನಲ್ಲಿ ಬಂದಿಳಿದ ಮಾತುಗಳು. ಆದರೆ ನಾವು ಹೋದದ್ದು ಊರಿನ ಇಗರ್ಜಿಯಲ್ಲ, ಕಾಲೇಜಿಗೆ ಸೇರಿದ ಸಂತ ಅಲೋಶಿಯಸ್ ಚಾಪೆಲ್. ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಇಟಲಿಯ ಪಾದ್ರಿಗಳು 1880ರಲ್ಲಿ ಕಾಲೇಜು ತೆರೆದರು. ನಾಲ್ಕೈದು ವರ್ಷದಲ್ಲಿ ಚಾಪೆಲ್ ಕಟ್ಟಿದರು. ಹೊರಗಿನಿಂದ ನೋಡಿದರೆ ಒಳಗೆ ಏನಿದೆಯೆಂದು ಊಹಿಸಲಾರಿರಿ.

ಒಳಗೆ ಬೋಳು ಜಾಗ ಸಿಕ್ಕುವುದೇ ಕಷ್ಟ. ಗೋಡೆ, ಕಮಾನು, ಚಾವಣಿ, ಎಲ್ಲೆಲ್ಲೂ ಚಿತ್ರ. ಇಷ್ಟನ್ನೂ ಬರೆದವರು ಬ್ರದರ್ ಅಂತೋನಿಯೊ ಮೊಸ್ಕೆನಿ. ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಾಮೊ ಪಕ್ಕದ ಸ್ತೆಜಾನೊ ಎಂಬ ಊರಿನಲ್ಲಿ. ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರರಾಗಿ ಹೆಸರು ಮಾಡಿ, ಮೂವತ್ತೈದರ ಆಸುಪಾಸಿನಲ್ಲಿ ಎಲ್ಲ ಬಿಟ್ಟು ಜೆಸ್ವಿಟರ ಜೊತೆ ಸೇರಿದರು. ಬ್ರದರ್ ಎಂದರೆ ಪೂಜೆ ಅರ್ಪಿಸುವ ಪಾದ್ರಿಯಲ್ಲ. ಅಡುಗೆ, ಬಡಗಿತನ, ತೋಟದಂಥ ಕೈಕೆಲಸ ಮಾಡಿಕೊಂಡು ಸನ್ಯಾಸಿಗಳ ಜೊತೆ ಬಾಳುವವರು. ಇವರ ಕೈಕೆಲಸ ಕುಂಚದ್ದು. ಮಂಗಳೂರಿಗೆ ಬಂದು ಸುಮಾರು ಎರಡೂವರೆ ವರ್ಷದಲ್ಲಿ, 1901ರ ಹೊತ್ತಿಗೆ, ಚಾಪೆಲ್ ಪೂರ್ತಿ ಮಾಡಿದರು.

ಚಾವಣಿಯದು ಕ್ಯಾನ್ವಾಸ್ ಬಟ್ಟೆಯ ಮೇಲಿನ ತೈಲಚಿತ್ರ. ಗೋಡೆಯದು ಫ್ರೆಸ್ಕೊ. ಅದು ಹೇಗೆಂದು ತಿಳಿಯಬೇಕಾದರೆ ಅಜ್ಜಿ ಬೆಳಿಗ್ಗೆ ಅಂಗಳ ಸಾರಿಸುವುದನ್ನು ನೆನೆಸಿಕೊಳ್ಳಿ. ನೆಲ ಹಸಿಯಾಗಿರುವಾಗಲೇ ರಂಗೋಲಿ ಎಳೆದರೆ ಪುಡಿ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಎಳೆದರೆ ಗಾಳಿಗೆ ಹಾರಿಹೋಗುತ್ತದೆ. ಫ್ರೆಸ್ಕೊದಲ್ಲಿ ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ. ಇಟಲಿಯವರು ಆ ತುಂಡಿಗೆ 'ಜೊರ್ನಾಟ' ಎನ್ನುತ್ತಾರೆ, ಒಂದು ದಿನದ ಕೆಲಸ ಎಂದು. ತಪ್ಪಿದರೆ ಒರೆಸುವಂತಿಲ್ಲ, ಗಾರೆ ಕೆತ್ತಿ ತೆಗೆದು ಮೊದಲಿಂದ ಶುರು. ರಬ್ಬರ್ ಇಲ್ಲದ ಡ್ರಾಯಿಂಗ್ ಕ್ಲಾಸು!

ತಮಾಷೆ ಏನೆಂದರೆ, ಬರೆಯುವಾಗ ಬೇಕಾದ ಅದೇ ಪಸೆ ಬರೆದಾದ ಮೇಲೆ ಶತ್ರು. ಮಂಗಳೂರಿನ ಮಳೆಗಾಲ ಯಾವ ಗೋಡೆಯನ್ನು ಬಿಟ್ಟಿದೆ ಹೇಳಿ. 1990ರ ದಶಕದಲ್ಲಿ ಪರಂಪರೆಯ ಆಸ್ತಿಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಈ ಚಿತ್ರಗಳಿಗೆ ಮರುಜೀವ ಕೊಟ್ಟರು.

ಚಾವಣಿಯ ನಡುಸಾಲಿನಲ್ಲಿರುವುದು ಚಾಪೆಲಿಗೆ ಹೆಸರಾದ ಸಂತ ಅಲೋಶಿಯಸ್ ಗೊನ್ಸಾಗನ ಕಥೆ. 1568ರಲ್ಲಿ ಹುಟ್ಟಿದ ದೊರೆಮಗ, ಹಿರಿಯವನಾದ್ದರಿಂದ ಸಂಸ್ಥಾನ ಅವನಿಗೇ ಬರಬೇಕಿತ್ತು. ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟನಾದ. ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳ ಸೇವೆಗೆ ನಿಂತು, ತನಗೂ ಅಂಟಿ, 1591ರಲ್ಲಿ ತೀರಿಕೊಂಡ. ಆಗ ಇಪ್ಪತ್ತಮೂರು ವರ್ಷ. ನಮ್ಮ ಹುಡುಗಿಗೆ ಈ ಕಥೆ ಅಷ್ಟೇನೂ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವಳ ಕಣ್ಣು ಬಿದ್ದದ್ದು ಬೇರೆಯದಕ್ಕೆ. "ದೊಡ್ಡಮ್ಮ, ಆ ಕೆತ್ತನೆ ನೋಡು!" ಕೆತ್ತನೆ ಎಲ್ಲಿದೆ? ಅದೂ ಬಣ್ಣವೇ. ಬೆಳಕು ಒಂದು ಮಗ್ಗುಲಿಂದ ಬಿದ್ದಂತೆ ನೆರಳು ಬರೆದು, ಚಪ್ಪಟೆ ಜಾಗವನ್ನು ಉಬ್ಬಿ ನಿಂತಂತೆ ಮಾಡಿದ್ದಾರೆ ಮೊಸ್ಕೆನಿ. ಎರಡು ಹೆಜ್ಜೆ ಆಚೀಚೆ ಸರಿದು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಸಂತರ ಮುಖಗಳಿಗಿಂತ ಈ ಕಣ್ಕಟ್ಟೇ ಹೆಚ್ಚು.

ನೀವೂ ಹೋಗುವುದಾದರೆ ನಾಲ್ಕು ಮಾತು. ನೀವು ಯಾರು, ಯಾವ ದೇವರಿಗೆ ಕೈಮುಗಿಯುವವರು ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒಳಗೆ ಬೆಂಚಿನ ಮೇಲೆ ಯಾರಾದರೂ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಅವರಿಗೆ ಅದು ಪ್ರವಾಸಿ ತಾಣವಲ್ಲ. ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಪೀಠದ ಮೆಟ್ಟಿಲು ಹತ್ತಬೇಡಿ, ಗೋಡೆ ಮುಟ್ಟಬೇಡಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ. ಫೋನು ಜೇಬಿನಲ್ಲಿದ್ದರೆ ತಲೆ ತಾನಾಗಿ ಮೇಲೇಳುತ್ತದೆ.

ಮೊಸ್ಕೆನಿ ಊರಿಗೆ ಮರಳಲಿಲ್ಲ. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ, ಅಲ್ಲಿನ ಸಾಂತಾ ಕ್ರೂಸ್ ಇಗರ್ಜಿಯ ಚಿತ್ರಗಳಲ್ಲಿ ತೊಡಗಿದ್ದಾಗ ತೀರಿಕೊಂಡರು.

ಹೊರಡುವಾಗ ಹಿಂದಿನ ಗೋಡೆಯ ಕಡೆ ನೋಡುವುದನ್ನು ಮರೆಯಬೇಡಿ. ಅಲ್ಲಿ ಯೇಸು ಮಕ್ಕಳನ್ನು ಹತ್ತಿರ ಕರೆದುಕೊಂಡ ದೊಡ್ಡ ಚಿತ್ರವಿದೆ. ನಮ್ಮ ಹುಡುಗಿ ಅದರ ಕೆಳಗೆ ನಿಂತು ಎಷ್ಟು ಮಕ್ಕಳಿದ್ದಾರೆಂದು ಎಣಿಸತೊಡಗಿದಳು. ಎರಡು ಸಲ ಲೆಕ್ಕ ತಪ್ಪಿತು. ಹೊರಗೆ ಮಳೆ ಬಿಟ್ಟಿರಲಿಲ್ಲ. ಮೂರನೆಯ ಸಲ ಎಣಿಸು ಎಂದೆ.