ಜಾನ್ ಫ್ರಾಂಕ್ಲಿನ್ ಎಂಡರ್ಸ್

ಜಾನ್ ಫ್ರಾಂಕ್ಲಿನ್ ಎಂಡರ್ಸ್ (10 ಫೆಬ್ರುವರಿ 1897 – 8 ಸೆಪ್ಟೆಂಬರ್ 1985) ಅಮೆರಿಕದ ವೈರಾಣು ವಿಜ್ಞಾನಿ. ದಡಾರ ಲಸಿಕೆಯನ್ನು ರೂಪಿಸಿದವರಲ್ಲಿ ಪ್ರಮುಖರು.

ಜೀವನ

ಕನೆಕ್ಟಿಕಟ್ ರಾಜ್ಯದ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ವ್ಯಾಸಂಗ ಮಾಡುತ್ತಿದ್ದವರು ಹ್ಯಾನ್ಸ್ ಜಿನ್ಸರ್ ಅವರ ಪ್ರಭಾವದಿಂದ ಸೂಕ್ಷ್ಮಜೀವಿ ವಿಜ್ಞಾನದತ್ತ ಹೊರಳಿ, 1930ರಲ್ಲಿ ಡಾಕ್ಟರೇಟ್ ಪಡೆದರು. ಪೋಲಿಯೊ ವೈರಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನಕ್ಕಾಗಿ ಥಾಮಸ್ ವೆಲ್ಲರ್ ಮತ್ತು ಫ್ರೆಡೆರಿಕ್ ರಾಬಿನ್ಸ್ ಅವರೊಂದಿಗೆ 1954ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ದಡಾರ ಲಸಿಕೆ

1954ರಲ್ಲಿ ಬಾಸ್ಟನ್ ಸಮೀಪದ ವಸತಿ ಶಾಲೆಯೊಂದರಲ್ಲಿ ದಡಾರ ಹರಡಿತು. ಎಂಡರ್ಸ್ ಅವರ ಸಹೋದ್ಯೋಗಿ ಥಾಮಸ್ ಪೀಬಲ್ಸ್ ಅಲ್ಲಿನ ವಿದ್ಯಾರ್ಥಿಗಳಿಂದ ಮಾದರಿಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಒಬ್ಬ ಬಾಲಕನ ರಕ್ತದಿಂದ ವೈರಾಣುವನ್ನು ಬೇರ್ಪಡಿಸಲಾಯಿತು. ಅದನ್ನು ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ ತಯಾರಿಸಿದ ಲಸಿಕೆಗೆ 1963ರಲ್ಲಿ ಪರವಾನಗಿ ದೊರೆಯಿತು. ಆರಂಭಿಕ ಲಸಿಕೆಯಿಂದ ಹಲವು ಮಕ್ಕಳಿಗೆ ಜ್ವರ ಬರುತ್ತಿದ್ದುದರಿಂದ ಮುಂದೆ ವೈರಾಣುವನ್ನು ಇನ್ನಷ್ಟು ದುರ್ಬಲಗೊಳಿಸಲಾಯಿತು.

ಭಾರತದಲ್ಲಿ

ಎಂಡರ್ಸ್ ನಿಧನರಾದ 1985ರಲ್ಲೇ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಲಸಿಕೆ ಸೇರಿತು. ಇಲ್ಲಿ ಬಳಕೆಯಲ್ಲಿರುವ ಎಡ್ಮನ್‌ಸ್ಟನ್-ಜಾಗ್ರೆಬ್ ತಳಿಯ ಮೂಲ ಆ ಶಾಲಾ ಬಾಲಕನಿಂದ ಪಡೆದ ವೈರಾಣುವೇ ಆಗಿದೆ. 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಚಿಕ್ಕೋಡಿ, ಅಥಣಿಯಂಥ ಗಡಿ ತಾಲೂಕುಗಳೂ ಸೇರಿದಂತೆ ಕರ್ನಾಟಕದಾದ್ಯಂತ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ನೀಡಲಾಯಿತು. ಪ್ರಸ್ತುತ ಮಗುವಿಗೆ 9–12 ತಿಂಗಳಲ್ಲಿ ಮೊದಲ ಹಾಗೂ 16–24 ತಿಂಗಳಲ್ಲಿ ಎರಡನೆಯ ಡೋಸ್ ನೀಡಲಾಗುತ್ತದೆ.