ಡಿಗ್ರಿ ಇಲ್ಲದವನ ಆಮ್ಲ
ಐಸಿಯುನಲ್ಲಿರುವ ರೋಗಿಯ ಸ್ಥಿತಿ ತಿಳಿಯೋಕೆ ವೈದ್ಯರು ರಕ್ತದ ಲ್ಯಾಕ್ಟೇಟ್ ನೋಡ್ತಾರೆ. ಲ್ಯಾಟಿನ್‌ನಲ್ಲಿ ‘ಲ್ಯಾಕ್’ ಅಂದ್ರೆ ಹಾಲು. 1780ರಲ್ಲಿ ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದ ಕಾರ್ಲ್ ವಿಲ್ಹೆಲ್ಮ್ ಶೀಲೆ ಹತ್ರ ಯಾವ ಡಿಗ್ರಿಯೂ ಇರಲಿಲ್ಲ.

1742ರಲ್ಲಿ ಹುಟ್ಟಿದ ಆತ ಹದಿಹರೆಯದಲ್ಲೇ ಸ್ವೀಡನ್ನಿನ ಔಷಧಿ ಅಂಗಡಿ ಸೇರಿದ. ರಸಾಯನಶಾಸ್ತ್ರ ಕಲಿತದ್ದು ಅಲ್ಲೇ, ಕೆಲಸದ ನಡುವೆ. ಆಮ್ಲಜನಕವನ್ನು ಪ್ರೀಸ್ಟ್ಲಿಗಿಂತ ಮೊದಲೇ ಕಂಡಿದ್ದ. ಪುಸ್ತಕ ಅಚ್ಚಾಗಿದ್ದು ಮಾತ್ರ 1777ರಲ್ಲಿ. ಅಷ್ಟರಲ್ಲಿ ಹೆಸರು ಪ್ರೀಸ್ಟ್ಲಿ ಪಾಲಾಗಿತ್ತು.

ಆದರೂ 1775ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಈ ಅಂಗಡಿ ಸಹಾಯಕನನ್ನು ಸದಸ್ಯನನ್ನಾಗಿ ಆರಿಸಿತು. ಶೋಪಿಂಗ್ ಎಂಬ ಸಣ್ಣ ಊರಲ್ಲಿ ಅಂಗಡಿ ನಡೆಸುತ್ತಲೇ ಸಂಶೋಧನೆ ಮಾಡಿದ ಶೀಲೆ, 1786ರಲ್ಲಿ 43ನೇ ವಯಸ್ಸಿಗೆ ತೀರಿಕೊಂಡ.

ಕಾಲೇಜಿನ ಹೆಸರು ನೋಡಿ ಪ್ರತಿಭೆ ಅಳೆಯೋ ನಾವು, ಇವತ್ತು ಮೆಡಿಕಲ್ ಶಾಪ್ ಹುಡುಗನಿಗೆ ಯಾವ ಲ್ಯಾಬಿನ ಬಾಗಿಲು ತೆರೀತೀವಿ?